ದೀಪ ಒಡೆದಿಲ್ಲ, ಪ್ಲಗ್ ಕರಗಿದೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾನುವಾರ ನಡೆದ ಚರ್ಚೆಯನ್ನು, ಹೆಸರುಗಳನ್ನು ತೆಗೆದು, ನಾನು ಅವರವರನ್ನು ಕರೆಯುವ ಸಂಬಂಧಗಳನ್ನಷ್ಟೇ ಉಳಿಸಿ ಇಲ್ಲಿ ಇಡುತ್ತಿದ್ದೇನೆ. ಚರ್ಚೆ ನನ್ನ ಅಕ್ಕ ಸಸಿ ಬೆಳೆಸುವ ಕೋಣೆಯದು. ಇದೇ ಸಂದೇಶ ಬೇರೆ ಗುಂಪುಗಳಲ್ಲೂ ಓಡಾಡುತ್ತಿರಬಹುದು. ಪ್ರಖರ ದೀಪದಡಿ ಮನೆಯೊಳಗೆ ಗಿಡ ಬೆಳೆಸುವವರು ದಯವಿಟ್ಟು ಕೊನೆಯವರೆಗೂ ಓದಿ.

ಅತ್ತೆ (ಫಾರ್ವರ್ಡ್): ಎಚ್ಚರಿಕೆ! ಗಿಡ ಬೆಳೆಸಲು ಮನೆಯೊಳಗೆ ಹಾಕುವ ಸೋಡಿಯಂ ಮತ್ತು ಮೆಟಲ್ ಹ್ಯಾಲೈಡ್ ದೀಪಗಳು ಬಾಂಬಿನಂತೆ ಸಿಡಿಯುತ್ತವೆ. ಕೆಳಗಿನ ಚಿತ್ರ ನೋಡಿ, ಕೋಣೆ ಸುಟ್ಟುಹೋಗಿದೆ. ಎಲ್‌ಇಡಿ ದೀಪ ಬಿಸಿಯಾಗುವುದೇ ಇಲ್ಲ, ಅದನ್ನು ಹಗಲೂ ರಾತ್ರಿಯೂ ಉರಿಸಬಹುದು. ನಿಮ್ಮವರೆಲ್ಲರಿಗೂ ಕಳುಹಿಸಿ.

ಅತ್ತೆ: ಇದನ್ನು ಓದಿದಾಗಿನಿಂದ ನನಗೆ ನಮ್ಮ ಹುಡುಗಿಯ ಹಿಂದಿನ ಕೋಣೆಯದೇ ಚಿಂತೆ. ಅಲ್ಲಿ ಸಸಿಗಳ ಮೇಲೆ ಎರಡು ಸೋಡಿಯಂ ದೀಪ ತೂಗುತ್ತಿರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಗಳೇ, ಈಗಲೇ ಆರಿಸಿಬಿಡು.

ದೊಡ್ಡಪ್ಪ: ಸೂರ್ಯನಿಗೆ ಬೆನ್ನು ಹಾಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಿಡ ಬೆಳೆಸುವುದು ನನಗೆ ಮೊದಲಿನಿಂದಲೂ ಒಪ್ಪಿಗೆಯಾಗಿಲ್ಲ. ಹಿರಿಯರ ಮಾತನ್ನು ಆಗಲೇ ಕೇಳಿದ್ದರೆ ಇಂದು ತಂಗಿ ಹೀಗೆ ಹೆದರಬೇಕಾಗಿರಲಿಲ್ಲ. ಇದೆಲ್ಲ ಇತ್ತೀಚಿನ ಹುಚ್ಚು.

ಚಿಕ್ಕಪ್ಪ: ತಂಗಿ, ಇದನ್ನು ಬರೆದವರು ಯಾರು, ಆ ಕೋಣೆ ಎಲ್ಲಿಯದು, ಸುಟ್ಟದ್ದು ಯಾವಾಗ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಇದರಲ್ಲಿ ಉತ್ತರವಿಲ್ಲ. ಇನ್ನು ಅಣ್ಣಯ್ಯ, ಇದು ಇತ್ತೀಚಿನ ಹುಚ್ಚಲ್ಲ. ಎಂಜಿನಿಯರ್ ವಿಲಿಯಂ ಸೀಮೆನ್ಸ್ ವಿದ್ಯುತ್ ಆರ್ಕ್ ದೀಪದ, ಎಂದರೆ ಎರಡು ಕಡ್ಡಿಗಳ ನಡುವಿನ ಕಿಡಿಯಿಂದ ಬೆಳಗುವ ದೀಪದ, ಬೆಳಕಿನಲ್ಲಿ ಗಿಡ ಬೆಳೆಸಿದ ಪ್ರಯೋಗಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟದ್ದು 1880ರಲ್ಲಿ.

ದೊಡ್ಡಪ್ಪ: ವಿದ್ಯುತ್ತಿನ ವಿಷಯದಲ್ಲಿ ನಿನ್ನ ಮಾತನ್ನು ನಂಬಿದ್ದರಿಂದಲೇ ಹಳೆಯ ಮನೆಯ ಸಾಕೆಟ್ ಸುಟ್ಟು ಗೋಡೆ ಕಪ್ಪಾದದ್ದು. ಆ ವೈರಿಂಗ್ ಮಾಡಿದವನು ನೀನು.

ಚಿಕ್ಕಪ್ಪ: ವೈರಿಂಗ್ ಸರಿಯಾಗಿತ್ತು ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಅಣ್ಣ: ಅಪ್ಪ, ಆ ಹಳೆಯ ಜಗಳ ಈಗ ಬೇಡ. ದೀಪಗಳನ್ನು ತಂಗಿಗೆ ತಂದುಕೊಟ್ಟವನು ನಾನು, ಆದ್ದರಿಂದ ಈ ಸಂದೇಶ ಸುತ್ತಿ ಬಳಸಿ ನನ್ನ ಮೇಲಿನ ದೂರಾಗುತ್ತದೆ. ಅಷ್ಟು ಭಯವಿದ್ದರೆ ನೇರಳೆ ಬಣ್ಣದ 1000 ವ್ಯಾಟ್ ಎಲ್‌ಇಡಿ ಫಲಕವನ್ನು ತರಿಸಿಕೊಡುತ್ತೇನೆ. ಗಿಡಕ್ಕೆ ಬೇಕಾದದ್ದು ಕೆಂಪು ಮತ್ತು ನೀಲಿ ಮಾತ್ರ.

ಭಾವ: ಸೋಡಿಯಂ ದೀಪ ಎಂದ ಕೂಡಲೇ ಅಜ್ಜನ ಮನೆಯ ಅಂಗಳದಲ್ಲಿದ್ದ ಪಾದರಸದ ದೀಪ ನೆನಪಾಯಿತು. ಕರೆಂಟು ಒಂದು ಕ್ಷಣ ಹೋಗಿ ಬಂದರೂ ಸಾಕು, ಮನೆಯ ಬಲ್ಬುಗಳೆಲ್ಲ ಹೊತ್ತಿಕೊಂಡ ಮೇಲೂ ಅದೊಂದು ಮಾತ್ರ ಎಷ್ಟೋ ನಿಮಿಷ ಕತ್ತಲಲ್ಲೇ ಇರುತ್ತಿತ್ತು. ಆ ಕತ್ತಲಿನಲ್ಲಿ ನಾವೆಲ್ಲ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ದೀಪ ಮೆಲ್ಲಗೆ ಬೆಳಗತೊಡಗಿದಾಗ ಎಲ್ಲರ ಮುಖವೂ ಮೊದಲು ನೀಲಿಯಾಗಿ ಕಾಣುತ್ತಿತ್ತು.

ಅತ್ತೆ: ಆ ದೀಪ ಕೆಟ್ಟಿದೆ ಎಂದುಕೊಂಡು ಒಮ್ಮೆ ಚಿಕ್ಕಣ್ಣ ಏಣಿ ಹತ್ತಿದ್ದನಲ್ಲ, ಅಜ್ಜ ಕೂಗಿ ಇಳಿಸಿದ್ದರು.

ನಾನು: ಅಜ್ಜ ಕೂಗಿದ್ದು ಒಳ್ಳೆಯದಾಯಿತು. ಪಾದರಸ, ಸೋಡಿಯಂ, ಮೆಟಲ್ ಹ್ಯಾಲೈಡ್, ಈ ಜಾತಿಯ ಆವಿದೀಪಗಳ ಒಳಗಿನ ಪುಟ್ಟ ಕೊಳವೆ ಬಿಸಿಯಾಗಿರುವಾಗ ಅದರೊಳಗಿನ ಆವಿಯ ಒತ್ತಡ ಎಷ್ಟಿರುತ್ತದೆಂದರೆ, ಅದು ತಣಿಯುವವರೆಗೆ ಕಿಡಿ ಮತ್ತೆ ಹೊತ್ತುವುದಿಲ್ಲ. ಮೆಟಲ್ ಹ್ಯಾಲೈಡಿಗೆ ಹತ್ತು ನಿಮಿಷವೋ ಇನ್ನೂ ಹೆಚ್ಚೋ ಬೇಕಾಗಬಹುದು, ಸೋಡಿಯಂಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಸಾಕು. ಅಂಗಳದ ಪಾದರಸದ ದೀಪಕ್ಕೆ ಇಗ್ನೈಟರ್, ಎಂದರೆ ಕಿಡಿ ಹೊತ್ತಿಸುವ ಸಾಧನ, ಇದ್ದಿರಲಾರದು. ಆದರೆ ಅಕ್ಕನ ಸೋಡಿಯಂ ದೀಪಗಳಿಗೆ ಇದೆ, ದೀಪ ಕತ್ತಲಾಗಿರುವಾಗಲೂ ಅದು ಹೋಲ್ಡರಿಗೆ ಸಾವಿರಾರು ವೋಲ್ಟಿನ ಮಿಡಿತಗಳನ್ನು ಕಳುಹಿಸುತ್ತಿರುತ್ತದೆ. ಉರಿಯುತ್ತಿಲ್ಲವೆಂದು ಬಲ್ಬ್ ತಿರುಗಿಸಲು ಕೈ ಹಾಕುವವರಿಗೆ ಜೀವಕ್ಕೇ ಅಪಾಯ. ಅಕ್ಕ, ಮೊದಲು ಪ್ಲಗ್ ಕಿತ್ತು ದೀಪ ಪೂರ್ತಿ ತಣಿಯುವವರೆಗೆ ಕಾಯಬೇಕು. ಪ್ಲಗ್ ಕಿತ್ತ ಮೇಲೂ, ದೀಪಕ್ಕೆ ಹೋಗುವ ಪ್ರವಾಹವನ್ನು ಹಿಡಿತದಲ್ಲಿಡುವ ಚೋಕ್ ಪೆಟ್ಟಿಗೆಯ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಆ ಪೆಟ್ಟಿಗೆಯನ್ನು ನೀನಾಗಿ ತೆರೆಯಬೇಡ.

ಅಕ್ಕ: ನನ್ನ ಕೋಣೆಯ ಬಗ್ಗೆ ಇಷ್ಟು ಮಾತಾಯಿತು, ನನ್ನನ್ನು ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅಲ್ಲಿರುವುದು 600 ವ್ಯಾಟಿನ ಎರಡು ಸೋಡಿಯಂ ದೀಪ, ಒಂದು ಫ್ಯಾನು. ದಿನಕ್ಕೆ 16 ಗಂಟೆ ಉರಿಸುತ್ತೇನೆ. ಅವು ನಿಜವಾಗಿಯೂ ಸಿಡಿಯುತ್ತವೆಯೇ?

ದೊಡ್ಡಪ್ಪ: ಸಿಡಿಯುತ್ತವೆ ಎಂದು ಬರೆದೇ ಇದೆಯಲ್ಲಮ್ಮ.

ಚಿಕ್ಕಪ್ಪ: ಬರೆದದ್ದೆಲ್ಲ ನಿಜವಾಗಿದ್ದರೆ ನನ್ನ ಮೇಲೆ ಈ ಗುಂಪಿನಲ್ಲಿ ಬರೆದದ್ದೂ ನಿಜವಾಗಬೇಕಾಗುತ್ತದೆ.

ನಾನು: ಸಿಡಿಯುವ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಮುಖ್ಯವಾಗಿ ಮೆಟಲ್ ಹ್ಯಾಲೈಡಿನ ಮಾತು. ಅದರ ಒಳಕೊಳವೆ ಆಯಸ್ಸು ಮುಗಿದ ಮೇಲೂ ಉರಿಯುತ್ತಿದ್ದರೆ ಒಡೆದು, ಕಾದ ಚೂರುಗಳು ಹೊರಗಾಜನ್ನೂ ದಾಟಿ ಬೀಳಬಹುದು. ಆದ್ದರಿಂದಲೇ ಕೆಲವು ಬಲ್ಬುಗಳನ್ನು ಗಾಜು ಮುಚ್ಚಿದ ಗೂಡಿನಲ್ಲಿ ಮಾತ್ರ ಉರಿಸಬೇಕೆಂದು ತಯಾರಕರು ಬರೆದಿರುತ್ತಾರೆ. ಬಿಡುವಿಲ್ಲದೆ ಉರಿಯುವ ದೀಪವನ್ನು ವಾರಕ್ಕೊಮ್ಮೆಯಾದರೂ ಕನಿಷ್ಠ 15 ನಿಮಿಷ ಆರಿಸಬೇಕೆಂಬ ಸೂಚನೆಯೂ ಇರುತ್ತದೆ, ಏಕೆಂದರೆ ದುರ್ಬಲವಾದ ಬಲ್ಬು ಉರಿಯುತ್ತಿರುವಾಗ ಒಡೆಯುವುದಕ್ಕಿಂತ, ಮತ್ತೆ ಹೊತ್ತಿಸುವಾಗ ಹೊತ್ತದೇ ಉಳಿಯುವುದು ಮೇಲು. ಹೊರಗಾಜು ಒಡೆದರೂ ಒಳಕೊಳವೆ ಉರಿಯುತ್ತಲೇ ಇರುವ ಸಂದರ್ಭವೂ ಇದೆ. ಆಗ ಹೊರಬೀಳುವ ಅತಿನೇರಳೆ ಕಿರಣ ವೆಲ್ಡಿಂಗ್ ಕಿಡಿ ನೋಡಿದವರ ಕಣ್ಣಿನಂತೆ ಕಣ್ಣನ್ನು ಉರಿಸುತ್ತದೆ, ಚರ್ಮವನ್ನೂ ಸುಡುತ್ತದೆ.

ಚಿಕ್ಕಪ್ಪ: ಗಾಜಿನ ಮಹತ್ವ ಆಗಿನ ಕಾಲಕ್ಕೇ ತಿಳಿದಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೈಲಿ 1891ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮುಚ್ಚಿಗೆಯಿಲ್ಲದ ಆರ್ಕ್ ದೀಪದ ಹತ್ತಿರದ ಗಿಡಗಳು ಹಾಳಾದವು, ನಡುವೆ ಗಾಜು ಬಂದಾಗ ಹಾನಿ ಬಹಳ ಇಳಿಯಿತು.

ಅಣ್ಣ: ಹಾಗಾದರೆ ನನ್ನ ಎಲ್‌ಇಡಿ ಸಲಹೆಯೇ ಸರಿ ಎಂದಾಯಿತಲ್ಲ. ಬಿಸಿಯೂ ಇಲ್ಲ, ಸಿಡಿತವೂ ಇಲ್ಲ.

ನಾನು: ಎಲ್‌ಇಡಿ ಒಳ್ಳೆಯದೇ ಅಣ್ಣ, ಆದರೆ ಈ ಸಂದೇಶ ಹೇಳುವ ಕಾರಣಕ್ಕಲ್ಲ. ಗೋಡೆಯಿಂದ ಎಳೆದ 600 ವ್ಯಾಟ್, ಸೋಡಿಯಂ ಆಗಲಿ ಎಲ್‌ಇಡಿ ಆಗಲಿ, ಹೆಚ್ಚುಕಡಿಮೆ ಪೂರ್ತಿಯಾಗಿ ಕೋಣೆಯ ಬಿಸಿಯಾಗಿಯೇ ಮುಗಿಯುತ್ತದೆ. ಸೋಡಿಯಂ ಆ ಬಿಸಿಯ ಬಹುಪಾಲನ್ನು ಕಿರಣವಾಗಿ ಎಲೆಗಳ ಮೇಲೆ ಸುರಿದರೆ ಎಲ್‌ಇಡಿ ತನ್ನ ಬೆನ್ನಿನ ಲೋಹದಲ್ಲಿಯೂ ತನಗೆ ವಿದ್ಯುತ್ ಒದಗಿಸುವ ಡ್ರೈವರ್ ಪೆಟ್ಟಿಗೆಯಲ್ಲಿಯೂ ಅದನ್ನು ಇಟ್ಟುಕೊಳ್ಳುತ್ತದೆ, ಹಾಗಾಗಿ ಅದಕ್ಕೂ ಗಾಳಿ ಬೇಕೇ ಬೇಕು. ಉಳಿತಾಯ ಬರುವುದು ಬೇರೆ ಲೆಕ್ಕದಿಂದ. ಉತ್ತಮ ಸೋಡಿಯಂ ದೀಪ ಒಂದು ಜೂಲ್ ವಿದ್ಯುತ್ತಿಗೆ ಸುಮಾರು 1.7 ಮೈಕ್ರೋಮೋಲ್ (ಬೆಳಕಿನ ಕಣಗಳ ಎಣಿಕೆ) ಬೆಳಕು ಕೊಟ್ಟರೆ ಉತ್ತಮ ಎಲ್‌ಇಡಿ 2.5ಕ್ಕೂ ಹೆಚ್ಚು ಕೊಡುತ್ತದೆ. ಎಂದರೆ 600 ವ್ಯಾಟಿನ ಕೆಲಸ 400ರಲ್ಲಿ ಆಗುತ್ತದೆ. ಆದರೆ ಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದು ಅಚ್ಚಾದ ಅಗ್ಗದ ಫಲಕಗಳಲ್ಲಿ ಎಷ್ಟೋ ನಿಜವಾಗಿ ಎಳೆಯುವುದು ಅದರ ಸಣ್ಣ ಪಾಲನ್ನು ಮಾತ್ರ. ಗೋಡೆಯಿಂದ ಎಳೆಯುವ ವ್ಯಾಟ್ ಎಷ್ಟು, ಗಿಡದ ಎತ್ತರದಲ್ಲಿ ಬೀಳುವ ಮೈಕ್ರೋಮೋಲ್ ಎಷ್ಟು ಎಂಬ ಎರಡು ಅಂಕಿ ಕೊಡದವರಿಂದ ಕೊಳ್ಳಬಾರದು. ಲುಮೆನ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು, ಅದು ಮನುಷ್ಯನ ಕಣ್ಣಿಗಾಗಿ ಮಾಡಿದ ಅಳತೆ.

ಚಿಕ್ಕಪ್ಪ: ಕೆಂಪು ನೀಲಿ ಮಾತ್ರ ಸಾಕು ಎಂಬುದಕ್ಕೂ ಆಧಾರ ಬೇಕು.

ನಾನು: ಹಸಿರು ಬೆಳಕನ್ನೂ ಎಲೆಗಳು ಸಾಕಷ್ಟು ಬಳಸಿಕೊಳ್ಳುತ್ತವೆ ಎಂದು ವಿಜ್ಞಾನಿ ಮೆಕ್ರೀ 1972ರಲ್ಲಿಯೇ ಹಲವು ಬೆಳೆಗಳ ಅಳತೆಯಿಂದ ತೋರಿಸಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಎಂದರೆ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದದ್ದು ಕಣ್ಣಿಗೆ ಬೀಳುವುದಿಲ್ಲ, ರೋಗ ಹರಡಿದ ಮೇಲೆ ಗೊತ್ತಾಗುತ್ತದೆ. ಬಿಳಿಯೇ ಇರಲಿ. ಹಗಲೂ ರಾತ್ರಿಯೂ ಉರಿಸುವ ಮಾತಂತೂ ತಪ್ಪು, ಟೊಮೆಟೊ ಗಿಡ ಎಡೆಬಿಡದ ಬೆಳಕಿನಲ್ಲಿ ಎಲೆ ಬಿಳಿಚಿಕೊಂಡು ಸೊರಗುತ್ತದೆ. ಅಕ್ಕನ ಸಸಿಗಳಿಗೆ ಚದರ ಮೀಟರಿಗೆ ಸೆಕೆಂಡಿಗೆ 250 ಮೈಕ್ರೋಮೋಲ್ ಬೆಳಕು 16 ಗಂಟೆ ಸಿಕ್ಕರೆ ಚದರ ಮೀಟರಿಗೆ ದಿನಕ್ಕೆ 14.4 ಮೋಲ್ ಆಗುತ್ತದೆ, ಅಷ್ಟು ಧಾರಾಳ.

ಭಾವ: ಅಜ್ಜನ ದೀಪಕ್ಕೂ ಗಾಜಿನ ಮುಚ್ಚಳವಿತ್ತು, ಅದರೊಳಗೆ ಸದಾ ಹುಳುಗಳು ತುಂಬಿರುತ್ತಿದ್ದವು.

ಅತ್ತೆ: ನಾನು ಕಾಳಜಿಯಿಂದ ಒಂದು ಮಾತು ಕಳುಹಿಸಿದರೆ ಎಲ್ಲರೂ ಸೇರಿ ಅದನ್ನು ಸುಳ್ಳು ಮಾಡುತ್ತಿದ್ದೀರಿ. ಕಳೆದ ಬಾರಿ ಗ್ಯಾಸಿನ ವಿಷಯ ಕಳುಹಿಸಿದಾಗಲೂ ಚಿಕ್ಕಣ್ಣ ಹೀಗೆಯೇ ಮಾಡಿದ.

ನಾನು: ಅತ್ತೆ, ನಿಮ್ಮ ಕಾಳಜಿ ಸುಳ್ಳಲ್ಲ. ನೀವು ಕಳುಹಿಸಿದ ಚಿತ್ರವನ್ನು ನಾನೂ ಈಗಷ್ಟೇ ಬೆರಳಿನಿಂದ ಹಿಗ್ಗಿಸಿ ನೋಡಿದೆ. ಎಲ್ಲರೂ ಒಮ್ಮೆ ಹಾಗೆ ನೋಡಿ. ಮೇಲೆ ತೂಗುತ್ತಿರುವ ದೀಪದ ಗಾಜು ಮಸಿ ಹಿಡಿದಿದೆಯೇ ಹೊರತು ಒಡೆದಿಲ್ಲ. ಕೆಳಗೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಕರಗಿ ಮುದ್ದೆಯಾಗಿದೆ, ಅದರ ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ತಂತಿ ಇದೆ, ಗೋಡೆಯ ಕಪ್ಪು ಅಲ್ಲಿಂದಲೇ ಮೇಲಕ್ಕೆ ಹೋಗಿದೆ. ಬೆಂಕಿ ಹುಟ್ಟಿದ್ದು ಪ್ಲಗ್ಗಿನ ಹತ್ತಿರ ಎಂದೇ ನನಗೆ ಕಾಣುತ್ತದೆ, ಮತ್ತು ಎಲ್‌ಇಡಿ ಹಾಕಿದ್ದರೂ ಅದೇ ಬೋರ್ಡ್ ಅದೇ ಅಪಾಯವನ್ನು ಇಟ್ಟುಕೊಂಡಿರುತ್ತಿತ್ತು. ಅಕ್ಕ, ನಿನ್ನ ದೀಪಗಳು ಯಾವ ಸಾಕೆಟ್ಟಿನಲ್ಲಿವೆ?

ಅಕ್ಕ: ಎರಡೂ ಚೋಕ್ ಮತ್ತು ಫ್ಯಾನ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿವೆ. ಬೋರ್ಡಿನ ಮೇಲೆ 6 ಆಂಪಿಯರ್ ಎಂದಿದೆ. ತಂತಿ ಉದ್ದವಾದ್ದರಿಂದ ಉಳಿದದ್ದನ್ನು ಸುತ್ತಿ ಟ್ರೇ ಕೆಳಗೆ ಇಟ್ಟಿದ್ದೇನೆ. ಹೊರೆ ಹೆಚ್ಚಾದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ ಒಮ್ಮೆಯೂ ಬಿದ್ದಿಲ್ಲ.

ನಾನು: ಎಂಸಿಬಿ ಬೀಳದಿರುವುದೇ ಇಲ್ಲಿ ಮೋಸ ಮಾಡುತ್ತದೆ. ಚೋಕಿನಲ್ಲಿ ಹೋಗುವುದನ್ನೂ ಸೇರಿಸಿದರೆ ಒಂದೊಂದು ದೀಪ ಸುಮಾರು 660 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಎರಡಕ್ಕೆ 5.7 ಆಂಪಿಯರ್ ಆಯಿತು, ಫ್ಯಾನ್ ಸೇರಿ 6ರ ಅಂಚಿಗೆ ಬಂತು, ಚೋಕಿನ ಕಂಡೆನ್ಸರ್ ಹಳತಾಗಿ ಸೋತಿದ್ದರೆ ಇನ್ನೂ ಹೆಚ್ಚು. 16 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಬಾರದ ಹೊರೆ, 6 ಆಂಪಿಯರಿನ ಬೋರ್ಡಿಗೆ ಪ್ರತಿದಿನ 16 ಗಂಟೆಯ ದಂಡನೆ. ಪಿನ್ನು ಸಡಿಲವಾಗಿ ಅರ್ಧ ಓಮಿನಷ್ಟು ತಡೆ ಹುಟ್ಟಿದರೆ ಒಂದು ದೀಪದ 3 ಆಂಪಿಯರಿಗೆ ಆ ಒಂದು ಬಿಂದುವಿನಲ್ಲಿ 4.5 ವ್ಯಾಟ್ ಬಿಸಿ, ಎರಡು ದೀಪದ 6 ಆಂಪಿಯರಿಗೆ 18 ವ್ಯಾಟ್. ಪ್ರವಾಹ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಸುತ್ತಿಟ್ಟ ತಂತಿಗಂತೂ ಬಿಸಿ ಬಿಡಲು ದಾರಿಯೇ ಇಲ್ಲ. ನೀರು ಹಾಕುವ ಟ್ರೇ ಕೆಳಗೆ ಅದನ್ನು ಇಟ್ಟಿರುವುದು ಇನ್ನೊಂದು ತಪ್ಪು. ಟೈಮರ್ ಇದ್ದರೆ ಅದರ ಸಂಪರ್ಕಗಳೂ ಚೋಕಿನ ಹೊರೆಗೆ ತಕ್ಕವೇ ಎಂದು ನೋಡಬೇಕು. ದಯವಿಟ್ಟು ಈಗಲೇ ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಅದರ ಪಿನ್ನುಗಳ ಚಿತ್ರ ಕಳುಹಿಸು.

ಭಾವ: ಆ ದಿನ ಹಳೆಯ ಮನೆಯ ಸಾಕೆಟ್ಟಿಗೆ ಹಚ್ಚಿದ್ದೂ ಹೀಗೆ ಸುತ್ತಿದ ತಂತಿಯನ್ನೇ ಅಲ್ಲವೇ ದೊಡ್ಡಮಾವ?

ಅಕ್ಕ: (ಚಿತ್ರ) ಆರಿಸಿದೆ. ಒಂದು ಪಿನ್ನಿನ ಸುತ್ತ ಕಂದು ಕಲೆಯಿದೆ, ಬೋರ್ಡಿನ ಆ ರಂಧ್ರ ಸ್ವಲ್ಪ ಬಾಗಿದೆ. ಹದಿನೈದು ದಿನಗಳಿಂದ ಕೋಣೆಯಲ್ಲಿ ಮೀನಿನಂತಹ ವಾಸನೆ ಬರುತ್ತಿತ್ತು, ನಾನು ಅದನ್ನು ಮೀನಿನ ಗೊಬ್ಬರದ ವಾಸನೆ ಎಂದುಕೊಂಡು ಕಿಟಕಿ ತೆರೆದಿಡುತ್ತಿದ್ದೆ.

ನಾನು: ಅದು ಕಾದ ಪ್ಲಾಸ್ಟಿಕ್ಕಿನ ವಾಸನೆ ಅಕ್ಕ. ಕೆಲವು ಪ್ಲಗ್ಗುಗಳು ಕಾದಾಗ ಹಾಗೆಯೇ ಮೀನಿನ ವಾಸನೆ ಬರುತ್ತದೆ. ಆ ಬೋರ್ಡನ್ನೂ ಪ್ಲಗ್ಗನ್ನೂ ಇನ್ನು ಮುಟ್ಟಬೇಡ.

ಅಣ್ಣ: ದೀಪ ಕೊಟ್ಟ ದಿನ ಸಾಕೆಟ್ ಯಾವುದೆಂದು ನಾನು ನೋಡಬೇಕಾಗಿತ್ತು ತಂಗಿ.

ದೊಡ್ಡಪ್ಪ: ಹಳೆಯ ಮನೆಯಲ್ಲಿ ಅಂದು ರೀಲಿನ ತಂತಿಯನ್ನು ಬಿಚ್ಚದೆ ಹೀಟರ್ ಹಚ್ಚಿದವನು ನಾನು. ಬಿಚ್ಚಬೇಕೆಂದು ತಮ್ಮ ಹೇಳಿದ್ದೂ ನೆನಪಿದೆ.

ಚಿಕ್ಕಪ್ಪ: ನಾಳೆ ಬೆಳಿಗ್ಗೆ ಆ ಕೋಣೆಗೆ 2.5 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ ಎಳೆದು, ಒಂದೊಂದು ಚೋಕಿಗೆ ಒಂದೊಂದು 16 ಆಂಪಿಯರಿನ ಗೋಡೆ ಸಾಕೆಟ್ ಹಾಕಿ, ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಅರ್ಥಿಂಗನ್ನೂ ಪರೀಕ್ಷಿಸುತ್ತೇನೆ. ಚೋಕ್‌ಗಳು ನೆಲ ಬಿಟ್ಟು ಸಿಮೆಂಟ್ ಹಲಗೆಯ ಮೇಲೆ ಕೂರಲಿ. ಅಲ್ಲಿಯವರೆಗೆ ಸಸಿಗಳನ್ನು ಕಿಟಕಿಯ ಬಳಿ ಇಡಮ್ಮ. ಅಣ್ಣಯ್ಯ, ಮೇನ್ ಆರಿಸಿ ಕೆಲಸ ಮಾಡಬೇಕಾಗುವುದರಿಂದ ಟಾರ್ಚ್ ಹಿಡಿಯಲು ನೀವೂ ಬನ್ನಿ.