ಒಬ್ಬ ಅಧಿಕಾರಿಯ ‘ಪೇಪರ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ನೌಕಾ ಅಧಿಕಾರಿ ಆಲ್ಫ್ರೆಡ್ ಥೇಯರ್ ಮಹ್ಯಾನ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವರ ಪೇಪರ್ಸ್, ಅಂದರೆ ಅವರು ಬಿಟ್ಟುಹೋದ ಪತ್ರ, ಬರಹ ಇತ್ಯಾದಿಗಳ ಸಂಗ್ರಹ, ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ತಾವು ಶುರುಮಾಡಿದ ನೌಕಾ ಅಧಿಕಾರಿಗಳ ಕಾಲೇಜಿಗೆ ಅವರನ್ನು ಪಾಠ ಮಾಡಲು ಕರೆಸಿಕೊಂಡ ಸ್ಟೀಫನ್ ಲೂಸ್ ಅವರದೂ ಅಲ್ಲೇ ಇವೆ. ಈ ಪೇಪರ್ಸ್‌ಗೆ ನೀವು ಏನನ್ನುತ್ತೀರಿ? ಸುಮ್ನೆ ‘ಕಾಗದಗಳು’ ಅಂದರೆ ಓದುವವರು ಪತ್ರಗಳು ಅಂತಲೇ ತಿಳಿಯುತ್ತಾರೆ. ಅದರ ಜೊತೆ ಹೆಸರನ್ನು ‘ಮಹಾನ್’ ಅಂತ ಬರೆದರಂತೂ ‘ಮಹಾನ್ ಕಾಗದಗಳು’ ಆಗಿ, ನಾನೇನೋ ಹೊಗಳುತ್ತಿದ್ದೇನೆ ಅನ್ನಿಸುತ್ತದೆ!

‘ದಾಖಲೆ’ ಇದೆಯಲ್ಲ, ಅನ್ನಬಹುದು. ತೊಡಕಿರುವುದೇ ಅಲ್ಲಿ. ಪತ್ರಾಗಾರದವರು (ಹಳೆಯ ಬರಹ, ದಾಖಲೆಗಳನ್ನು ಕಾಪಾಡುವವರು) ಪೇಪರ್ಸ್ ಬೇರೆ, ರೆಕಾರ್ಡ್ಸ್ ಬೇರೆ ಅನ್ನುತ್ತಾರೆ. ಒಬ್ಬ ಮನುಷ್ಯ ತಾನು ಬರೆದು, ಬಂದದ್ದನ್ನು ಕೂಡಿಟ್ಟುಕೊಂಡು ಬಿಟ್ಟುಹೋದದ್ದು ಪೇಪರ್ಸ್. ಕಚೇರಿಯ ಕೆಲಸ ನಡೆಯುತ್ತಾ ಹುಟ್ಟಿದ್ದು ರೆಕಾರ್ಡ್ಸ್. 1893ರಲ್ಲಿ ಮಹ್ಯಾನ್ ‘ಷಿಕಾಗೊ’ ಹಡಗಿನ ಕ್ಯಾಪ್ಟನ್ ಆದರು. ಕಡಲ ಬಲದ ಬಗ್ಗೆ ಬರೆದು 1890ರಲ್ಲಿ ಬಂದ ಪುಸ್ತಕದಿಂದ ಅಷ್ಟರಲ್ಲಿ ಇಂಗ್ಲೆಂಡಿನಲ್ಲೂ ದೊಡ್ಡ ಹೆಸರು. ಆದರೆ ಅದೇ ಹಡಗಿನಲ್ಲಿದ್ದ ಮೇಲಧಿಕಾರಿ ಹೆನ್ರಿ ಎರ್ಬೆನ್ ಇವರ ಮೇಲೆ ಬರೆದ ವರದಿ ಬೇರೆಯೇ ಹೇಳುತ್ತದೆ: ಈತನ ಆಸಕ್ತಿಯೆಲ್ಲ ಸೇವೆಯ ಹೊರಗಿದೆ, ನೌಕಾಪಡೆಯ ಕೆಲಸ ಅಂದರೆ ಅಷ್ಟಕ್ಕಷ್ಟೆ. ಈ ವರದಿ ರೆಕಾರ್ಡು. ಅದೇ ಹಡಗಿನಿಂದ ಮಹ್ಯಾನ್ ಹೆಂಡತಿಗೆ ಬರೆದ ಪತ್ರಗಳು ಪೇಪರ್ಸ್. ಎರಡಕ್ಕೂ ದಾಖಲೆ ಅಂದುಬಿಟ್ಟರೆ ಯಾವುದು ಸಾಹೇಬರ ಮಾತು, ಯಾವುದು ಮಹ್ಯಾನ್ ಮಾತು ಅನ್ನುವುದೇ ಕಲಸಿಹೋಗುತ್ತದೆ. (ವರದಿಗೇನೋ ಪದ ಸಿಕ್ಕಿದೆ. ನಮ್ಮ ಸರ್ಕಾರಿ ನೌಕರರು ಹೆದರುತ್ತಿದ್ದ ‘ಸಿ.ಆರ್.’, ಅಂದರೆ ಮೇಲಧಿಕಾರಿ ಬರೆಯುವ ಗೋಪ್ಯ ವರದಿ, ಇದೇ ಅಲ್ವಾ?)

‘ಕಡತ’ ನನಗೆ ತುಂಬಾ ಇಷ್ಟ. ಹುಣಸೆ ಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಕಪ್ಪಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಈಗ ಅದು ಆಫೀಸಿನ ಫೈಲು, ಹಾಗಾಗಿ ಮತ್ತೆ ರೆಕಾರ್ಡಿನ ಕಡೆಗೇ ವಾಲುತ್ತದೆ. ‘ದಸ್ತಾವೇಜು’ ಅಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯೇ ಕಣ್ಣಿಗೆ ಬರುತ್ತದೆ.

ತೊಡಕಿನ ಪದ ಇನ್ನೊಂದಿದೆ, ‘ನೇವಲ್ ವಾರ್ ಕಾಲೇಜು’. ಲೂಸ್ 1884ರಲ್ಲಿ ನ್ಯೂಪೋರ್ಟ್‌ನಲ್ಲಿ, ಮೊದಲು ಬಡವರಿಗೆ ಆಸರೆ ಕೊಡುತ್ತಿದ್ದ ಕಟ್ಟಡವೊಂದರಲ್ಲಿ ಶುರುಮಾಡಿದ್ದು ಇದು. ಅನಾಪೊಲಿಸ್‌ನ ನೌಕಾ ಅಕಾಡೆಮಿ 1845ರಿಂದಲೇ ಇತ್ತು. ಅಲ್ಲಿ ಹುಡುಗರನ್ನು ಅಧಿಕಾರಿಗಳಾಗಿ ತಯಾರು ಮಾಡುತ್ತಿದ್ದರು. ನ್ಯೂಪೋರ್ಟಿಗೆ ಬಂದವರು ಆಗಲೇ ಹಡಗಿನಲ್ಲಿ ಕೆಲಸ ಮಾಡಿ ಬಂದ ಅಧಿಕಾರಿಗಳು. ‘ನೌಕಾ ಕಾಲೇಜು’ ಅಂದರೆ ಪಿಯುಸಿ ಆದಮೇಲೆ ಸೇರುವ ಜಾಗ ಅನ್ನಿಸುತ್ತದೆ. ನಮ್ಮ ದೇಶದಲ್ಲೂ ಕೇರಳದ ಎಳಿಮಲದ ನೌಕಾ ಅಕಾಡೆಮಿ ಬೇರೆ, ಗೋವಾದ ವಾರ್ ಕಾಲೇಜು ಬೇರೆ. ಇದನ್ನು ‘ವಾರ್ ಕಾಲೇಜು’ ಅಂತಲೇ ಬಿಡುವುದು ವಾಸಿ ಅಂತ ನನ್ನ ಲೆಕ್ಕ.

ಪೇಪರ್ಸ್‌ಗೆ ಸದ್ಯಕ್ಕೆ ‘ಖಾಸಗಿ ಕಾಗದಪತ್ರ’ ಅಂತ ಬರೆದಿದ್ದೇನೆ. ಆದರೆ ಲೂಸ್ ಅವರ ಕಟ್ಟುಗಳಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಪತ್ರಗಳೂ ಇರುವುದರಿಂದ ‘ಖಾಸಗಿ’ ಸರಿಹೋಗುತ್ತಿಲ್ಲ. ಅದನ್ನು ತೆಗೆದು ಬರೀ ‘ಲೂಸ್ ಕಾಗದಪತ್ರಗಳು’ ಅಂದರೆ ನಿಮಗೆ ಅರ್ಥವಾಗುತ್ತದೆಯೇ? ಪತ್ರಾಗಾರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಏನನ್ನುತ್ತಿದ್ದಿರಿ ಹೇಳಿ.