ಮೀಟರಿನಲ್ಲಿ ಎಲ್ಲವೂ ಸಮ, ಕಿವಿಗೆ ಮಾತ್ರ ಏರುಪೇರು: ಸಂಕಲನ ಆಲ್ಬಂ ಮಾಸ್ಟರಿಂಗ್‌ಗೆ ಸಹಾಯ ಬೇಕು

ಪ್ರಶ್ನೆ

ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಎಂಜಿನಿಯರುಗಳ ಕೈಯಲ್ಲಿ ಮುದ್ರಣಗೊಂಡ ಹನ್ನೊಂದು ಟ್ರ್ಯಾಕ್‌ಗಳನ್ನು ಒಂದು ಸಿ.ಡಿ.ಯಾಗಿ ಜೋಡಿಸಿ ಮಾಸ್ಟರಿಂಗ್ (ಮಟ್ಟ, ಧ್ವನಿಗುಣ, ಅಂತರಗಳನ್ನು ಹೊಂದಿಸುವ ಕೊನೆಯ ಹಂತ) ಮಾಡುತ್ತಿದ್ದೇನೆ. ಒಳ್ಳೆಯ ಸ್ಪೀಕರುಗಳ ಮುಂದೆ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳುವವರಿಗಾಗಿ ಮಾಡುತ್ತಿರುವ ಆಲ್ಬಂ ಇದು. ಒಂದರ ಹೊರತು ಎಲ್ಲದರ ಮೂಲ ಕಡತಗಳೂ ಕೈಯಲ್ಲಿವೆ. ಆದರೂ ಮೂರು ತೊಡಕುಗಳು ಬಗೆಹರಿಯುತ್ತಿಲ್ಲ.

ಎಲ್ಲ ಟ್ರ್ಯಾಕ್‌ಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಎಷ್ಟು ಜೋರೆಂದು ಅಳೆಯುವ ಘಟಕ) ತಂದಿದ್ದೇನೆ. ಆದರೂ ಡ್ರಮ್, ಬೇಸ್, ಕೀಬೋರ್ಡ್ ಎಲ್ಲ ಇರುವ ಎರಡನೆಯ ಟ್ರ್ಯಾಕ್ ಮುಗಿದು, ಒಂದೇ ಗಿಟಾರಿನೊಂದಿಗೆ ಹಾಡಿರುವ ಮೂರನೆಯದು ಶುರುವಾದ ಕೂಡಲೇ ಗಾಯಕಿಯ ದನಿ ಮುಖಕ್ಕೇ ಬಂದು ಬಡಿಯುತ್ತದೆ. ಸಭಾಂಗಣದಲ್ಲಿ ಮುದ್ರಿಸಿದ ನಾಲ್ಕು ತಂತಿವಾದ್ಯಗಳ ಮೇಳ ಆರನೆಯದು. ಅದನ್ನು ಮೈನಸ್ 14ಕ್ಕೆ ಏರಿಸಿದರೆ ಕೊನೆಯ ಭಾಗ ಲಿಮಿಟರಿಗೆ (ಜೋರು ಶಿಖರಗಳನ್ನು ತಡೆಯುವ ಸಾಧನಕ್ಕೆ) ಸಿಕ್ಕಿ ಚಪ್ಪಟೆಯಾಗುತ್ತದೆ, ಆರಂಭ ಮಾತ್ರ ಮೆಲ್ಲಗೇ ಉಳಿಯುತ್ತದೆ.

ಎಂಟನೆಯದು ಹಳೆಯ ಸಿ.ಡಿ.ಯಿಂದ ತೆಗೆದದ್ದು. ಸಿಂಬಲ್, ‘ಸ’ಕಾರ, ‘ಶ’ಕಾರಗಳೆಲ್ಲ ಚುಚ್ಚುತ್ತವೆ. 8 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ 6 ಡೆಸಿಬೆಲ್ ಇಳಿಸಿದೆ. ಮಿಂಚು ಹೋಯಿತು, ಚುಚ್ಚುವಿಕೆ ಹೋಗಲಿಲ್ಲ.

ಒಂಬತ್ತು ಮತ್ತು ಹತ್ತು ಒಂದೇ ನೇರ ಕಛೇರಿಯ ಭಾಗಗಳು, ನಡುವೆ ಚಪ್ಪಾಳೆ ಎಡೆಬಿಡದೆ ಹರಿಯಬೇಕು. ಕಂಪ್ಯೂಟರಿನಲ್ಲಿ ಹರಿಯುತ್ತದೆ. ಡಿಸ್ಕಿಗೆ ಬರೆದಾಗ ಸಂದಿಯಲ್ಲಿ ‘ಟಕ್’ ಎನ್ನುತ್ತದೆ.

ಮೊದಲ ಉತ್ತರ

ಇಷ್ಟು ಭಿನ್ನವಾದ ರೆಕಾರ್ಡಿಂಗ್‌ಗಳಿದ್ದಾಗ ಎಲ್ಲವನ್ನೂ ಒಂದೇ ಕಂಪ್ರೆಸರ್ (ಜೋರು-ಮೆಲುದನಿಗಳ ಅಂತರ ಕುಗ್ಗಿಸುವ ಸಾಧನ), ಒಂದೇ ಲಿಮಿಟರಿನ ಮೂಲಕ ಹಾಯಿಸಿ ಮೈನಸ್ 9ರ ಹತ್ತಿರ ಒತ್ತಿಬಿಡುವುದು ಸುಲಭ. ಏರುಪೇರಿಗೆ ಜಾಗವೇ ಇರುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಸಲಹೆಯಿಂದ ಮಟ್ಟ ಸಮವಾಗುತ್ತದೆ, ನಿಜ. ಕಾರಿನಲ್ಲಿ ಕೇಳುವ ಸಂಗ್ರಹವಾಗಿದ್ದರೆ ಅದೂ ಒಂದು ದಾರಿ. ಆದರೆ ಕುಳಿತು ಕೇಳುವವರಿಗಾಗಿ ಮಾಡುವ ಆಲ್ಬಂನಲ್ಲಿ ಆ ತಂತಿವಾದ್ಯಗಳ ಮೇಳದ ಜೀವವೇ ಅದರ ಮೆಲುದನಿ ಮತ್ತು ಏರುದನಿಗಳ ನಡುವಿನ ಅಂತರದಲ್ಲಿದೆ. ಅದನ್ನು ಹಿಂಡಿದ ಮೇಲೆ ಮತ್ತೆ ತುಂಬಲು ಯಾವ ಉಪಕರಣದಿಂದಲೂ ಆಗದು. ದಯವಿಟ್ಟು ಅದನ್ನು ಹಿಂಡಬೇಡಿ.

ಮೊದಲು ಸಂಖ್ಯೆಯ ಅರ್ಥ ನೋಡೋಣ. ನೀವು ಓದುತ್ತಿರುವುದು ಇಡೀ ಟ್ರ್ಯಾಕಿನ ಸರಾಸರಿ. ಈ ಅಳತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಟಿಯು ಬಿಎಸ್ 1770ರ ಲೆಕ್ಕದಲ್ಲಿ ಆ ಟ್ರ್ಯಾಕಿನ ಸರಾಸರಿ ಮಟ್ಟಕ್ಕಿಂತ 10 ಘಟಕಗಳಿಗೂ ಹೆಚ್ಚು ಕೆಳಗಿರುವ ಭಾಗಗಳು ಎಣಿಕೆಗೇ ಬರುವುದಿಲ್ಲ. ಮೇಳದ ಮೆಲ್ಲನೆಯ ಆರಂಭ ಮೀಟರಿನ ಪಾಲಿಗೆ ಇಲ್ಲವೇ ಇಲ್ಲ, ಕೇಳುಗನಿಗೆ ಮಾತ್ರ ಅದೇ ಮೊದಲ ಪರಿಚಯ. ಗಾಯಕಿಯ ವಿಷಯ ಬೇರೆ. ಪೂರ್ಣ ವಾದ್ಯವೃಂದದಲ್ಲಿ ಒಟ್ಟು ಶಕ್ತಿಯನ್ನು ಡ್ರಮ್, ಬೇಸ್, ಕೀಬೋರ್ಡ್, ಕಂಠ ಹಂಚಿಕೊಳ್ಳುತ್ತವೆ. ಒಂಟಿ ಗಿಟಾರಿನ ಹಾಡಿನಲ್ಲಿ ಬಹುಪಾಲು ಕಂಠದ್ದೇ. ಎರಡನ್ನೂ ಒಂದೇ ಸಂಖ್ಯೆಗೆ ತಂದರೆ ಒಂಟಿ ಹಾಡಿನಲ್ಲಿ ಕಂಠ ಬಹಳ ದೊಡ್ಡದಾಗಲೇಬೇಕು. ಕಿವಿ ಹಿಡಿದುಕೊಳ್ಳುವುದು ಒಟ್ಟು ಮೊತ್ತವನ್ನಲ್ಲ, ಕಂಠವನ್ನು. ಆದ್ದರಿಂದ ಕಂಠಕ್ಕೆ ಕಂಠವನ್ನು ಹೋಲಿಸಿ ಹೊಂದಿಸಿ. ಒಂಟಿ ಹಾಡು ಎರಡು ಮೂರು ಡೆಸಿಬೆಲ್ ಕೆಳಗೆ ಕೂತರೆ ಆಶ್ಚರ್ಯಪಡಬೇಡಿ.

ಎಲ್ಲಿಂದ ಶುರುಮಾಡಬೇಕು ಎಂದರೆ, ಏರಿಸಿದರೆ ಕೆಡುವ ಟ್ರ್ಯಾಕಿನಿಂದ. ನಿಮ್ಮಲ್ಲಿ ಅದು ಆರನೆಯದು. ಅದರ ಅತಿ ಜೋರಾದ ಕ್ಷಣ ಮೈನಸ್ 1 ಡೆಸಿಬೆಲ್ ಟ್ರೂ ಪೀಕ್ (ಅಲೆಯ ನಿಜವಾದ ಶಿಖರ) ಮುಟ್ಟುವಂತೆ, ಲಿಮಿಟರ್ ಇಲ್ಲದೆ ಇಡಿ. ಬರೀ ಸ್ಯಾಂಪಲ್‌ಗಳ (ಕಡತದಲ್ಲಿ ಅಲೆಯನ್ನು ಅಳೆದಿಟ್ಟ ಬಿಂದುಗಳ) ಪೀಕ್ ನೋಡಿದರೆ ಸಾಲದು, ಎರಡು ಸ್ಯಾಂಪಲ್‌ಗಳ ನಡುವೆ ಅಲೆ ಇನ್ನೂ ಮೇಲೇರಿರಬಹುದು. ಅದೇ ಈಗ ನಿಮ್ಮ ಆಧಾರ ಶ್ರುತಿ. ಉಳಿದ ಹತ್ತನ್ನೂ ಅದರ ಪಕ್ಕದಲ್ಲಿಟ್ಟು ಇಳಿಸುತ್ತಾ ಬನ್ನಿ. ಇಡೀ ಆಲ್ಬಂ ಮೆಲ್ಲಗಾಯಿತಲ್ಲ ಎನ್ನಿಸಬಹುದು. ಕೇಳುಗ ಆರಂಭದಲ್ಲಿ ಒಮ್ಮೆ ವಾಲ್ಯೂಮ್ ಏರಿಸುತ್ತಾನೆ, ಅಷ್ಟೇ. ಆಮೇಲೆ ಅವನ ಕೈ ಆ ಗುಂಡಿಯ ಕಡೆಗೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಈ ಹೋಲಿಕೆ ಮಾಡುವಾಗ ಸ್ಪೀಕರಿನ ಮಟ್ಟವನ್ನು ಮುಟ್ಟಲೇಬೇಡಿ. ಮಟ್ಟ ಇಳಿದಂತೆ ಕಿವಿಗೆ ಮಂದ್ರ ಸ್ವರಗಳು ಇನ್ನೂ ಬೇಗ ಕರಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಡುನಡುವೆ ಗುಂಡಿ ತಿರುಗಿಸಿದರೆ ಬೇಸ್ ಕಡಿಮೆಯಿದೆ ಎಂದು ಇಲ್ಲದ ಕಾಯಿಲೆಗೆ ಮದ್ದು ಕೊಡುತ್ತೀರಿ. ಮೈನಸ್ 20 ಡೆಸಿಬೆಲ್‌ನ ಪಿಂಕ್ ನಾಯ್ಸ್ (ಮಂದ್ರದಿಂದ ತಾರದವರೆಗೆ ಎಲ್ಲ ಸ್ವರಗಳೂ ಬೆರೆತ ಪರೀಕ್ಷಾ ಸದ್ದು) ನುಡಿಸಿ, ಪ್ರತಿ ಸ್ಪೀಕರಿನಿಂದ 83 ಡೆಸಿಬೆಲ್ ಬರುವಂತೆ ಗುರುತು ಹಾಕಿಕೊಳ್ಳುವ ಪದ್ಧತಿ ಇದೆ. ಸಣ್ಣ ಕೋಣೆಗೆ ಅದು ಹೆಚ್ಚು, 76ರ ಆಸುಪಾಸು ಸಾಕು. ಗುರುತು ಹಾಕಿದ ಮೇಲೆ ಬದಲಿಸದಿರುವುದು ಮುಖ್ಯ.

ಎಂಟನೆಯ ಟ್ರ್ಯಾಕ್ ನನ್ನ ಕುತೂಹಲ ಕೆರಳಿಸಿದೆ. ಆ ಡಿಸ್ಕ್ ಯಾವ ವರ್ಷದ್ದು?

ಪ್ರಶ್ನೆ ಕೇಳಿದವರು

ಹೊದಿಕೆಯ ಮೇಲೆ 1984 ಎಂದಿದೆ. ವಿಚಿತ್ರವೆಂದರೆ ಅದೇ ಡಿಸ್ಕನ್ನು ಹಳೆಯ ಪ್ಲೇಯರಿನಲ್ಲಿ ನೇರವಾಗಿ ಹಾಕಿದರೆ ಚುಚ್ಚುವುದಿಲ್ಲ. ನನ್ನ ಕಿವಿಯದೇ ದೋಷವಿರಬೇಕು ಎಂದುಕೊಂಡು ಬರೆದಿರಲಿಲ್ಲ.

ಎರಡನೆಯ ಉತ್ತರ ಬರೆದವರು

ನಿಮ್ಮ ಕಿವಿ ಸರಿಯಾಗಿಯೇ ಇದೆ. ಇದು ಪ್ರೀ-ಎಂಫಸಿಸ್ ಎಂದು ಬಹುತೇಕ ಖಚಿತವಾಗಿ ಹೇಳಬಲ್ಲೆ.

ಸಿ.ಡಿ.ಯ ಮೊದಲ ವರ್ಷಗಳಲ್ಲಿ ಡಿಜಿಟಲ್ ಪರಿವರ್ತಕಗಳ ಹಿನ್ನೆಲೆ ಸದ್ದು ಕೇಳಿಸದಿರಲೆಂದು ಕೆಲವು ಡಿಸ್ಕ್‌ಗಳಲ್ಲಿ ತಾರ ಸ್ವರಗಳನ್ನು ಬೇಕೆಂದೇ ಏರಿಸಿ ಬರೆಯುತ್ತಿದ್ದರು. ಜೊತೆಗೆ ಒಂದು ಗುರುತು. ಪ್ಲೇಯರ್ ಆ ಗುರುತು ಕಂಡು, ಏರಿಸಿದ್ದನ್ನು ಅಷ್ಟೇ ಇಳಿಸಿ ನುಡಿಸುತ್ತದೆ. ಡಿಸ್ಕಿನಿಂದ ಕಡತ ತೆಗೆದಾಗ ಏರಿಕೆ ಹಾಗೇ ಬರುತ್ತದೆ, ಗುರುತು ಹಿಂದೆ ಉಳಿಯುತ್ತದೆ. ಕೆಲವು ಡಿಸ್ಕ್‌ಗಳಲ್ಲಿ ಈ ಗುರುತು ವಿಷಯಸೂಚಿಯಲ್ಲಿರದೆ ಸಬ್‌ಕೋಡ್‌ನಲ್ಲಿ (ಸಂಗೀತದ ಜೊತೆಜೊತೆಗೇ ಬರೆದ ಮಾಹಿತಿಯಲ್ಲಿ) ಮಾತ್ರ ಇರುವುದರಿಂದ ಹಲವು ತಂತ್ರಾಂಶಗಳಿಗೆ ಅದು ಕಾಣುವುದೇ ಇಲ್ಲ.

ನಿಮ್ಮ ಈಕ್ವಲೈಜರ್ ಏಕೆ ಸೋತಿತು ನೋಡಿ. ಈ ಏರಿಕೆಯ ಅಳತೆ 50/15 ಮೈಕ್ರೋಸೆಕೆಂಡ್. ಅಂದರೆ 1 ಕಿಲೋಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್ಲಿಗೂ ಕಡಿಮೆ, 5ರಲ್ಲಿ ಸುಮಾರು 4.5, 10ರಲ್ಲಿ ಸುಮಾರು 7.6, 20ರಲ್ಲಿ ಸುಮಾರು 9.5. ನೀವು ಕತ್ತರಿಸಿದ್ದು 8ರಿಂದ ಮೇಲೆ. ಚುಚ್ಚುತ್ತಿರುವುದು 3ರಿಂದ 7ರ ನಡುವೆ. ಹುಣ್ಣು ಒಂದೆಡೆ, ಮದ್ದು ಇನ್ನೊಂದೆಡೆ. ಹಾಕಿದ ಈಕ್ವಲೈಜರ್ ಪೂರ್ತಿ ತೆಗೆಯಿರಿ, ಮೂಲ ಕಡತವನ್ನು 24 ಬಿಟ್‌ಗೆ ಏರಿಸಿ, ಆಮೇಲೆ ಡಿ-ಎಂಫಸಿಸ್ (ಆ ಏರಿಕೆಯನ್ನು ಅಷ್ಟೇ ಇಳಿಸುವ ಕ್ರಿಯೆ) ಹಾಕಿ. ಸಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಆದೇಶ ಇದೆ. ಬಳಿಕ ಹಳೆಯ ಪ್ಲೇಯರಿನ ದನಿಯೊಂದಿಗೆ ಹೋಲಿಸಿ ನೋಡಿ.

ಮೂರನೆಯ ಉತ್ತರ

‘ಟಕ್’ ಸದ್ದಿಗೆ ನಾನು ಉತ್ತರಿಸುತ್ತೇನೆ, ಇದೇ ತಪ್ಪು ಮಾಡಿ ಕಲಿತದ್ದು. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 75 ಚೌಕಟ್ಟುಗಳು, ಪ್ರತಿಯೊಂದರಲ್ಲಿ ಒಂದೊಂದು ಚಾನೆಲಿಗೆ 588 ಸ್ಯಾಂಪಲ್. ಟ್ರ್ಯಾಕಿನ ಗಡಿ ಚೌಕಟ್ಟಿನ ಗಡಿಯಲ್ಲೇ ಬೀಳಬೇಕು. ನಿಮ್ಮ ಒಂಬತ್ತನೆಯ ಕಡತದ ಉದ್ದ 588ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ, ಬರೆಯುವ ತಂತ್ರಾಂಶ ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಚಪ್ಪಾಳೆಯ ನಡುವೆ ಕೆಲವು ಮಿಲಿಸೆಕೆಂಡ್ ಶೂನ್ಯ ಬಂದರೂ ಅದು ‘ಟಕ್’ ಎಂದೇ ಕೇಳುತ್ತದೆ. ಎರಡನ್ನೂ ಬೇರೆ ಕಡತ ಮಾಡಬೇಡಿ. ಇಡೀ ಆಲ್ಬಂ ಒಂದೇ ಉದ್ದ ಕಡತವಾಗಿರಲಿ, ಟ್ರ್ಯಾಕ್ ಗುರುತುಗಳನ್ನು ಮಾತ್ರ ಮೇಲೆ ಇಡಿ. ಕಾರ್ಖಾನೆಗೆ ಕಳುಹಿಸುವುದಾದರೆ ಡಿಡಿಪಿ ರೂಪದಲ್ಲಿ (ಕಾರ್ಖಾನೆಗೆ ಇಡೀ ಡಿಸ್ಕಿನ ವಿನ್ಯಾಸ ಕೊಡುವ ಕಡತಗಳ ಕಟ್ಟು) ಕೊಡಿ.

ಇನ್ನೊಂದು ಮಾತು. 96 ಅಥವಾ 48 ಕಿಲೋಹರ್ಟ್ಸ್ ಸ್ಯಾಂಪಲ್ ದರದ ಕಡತಗಳಿದ್ದರೆ, ಸಿ.ಡಿ.ಯ ದರವಾದ 44.1ಕ್ಕೆ ಇಳಿಸಿದ ಮೇಲೆ ಟ್ರೂ ಪೀಕ್ ಮತ್ತೊಮ್ಮೆ ನೋಡಿ, ಪರಿವರ್ತನೆಯಲ್ಲಿ ಅದು ಬದಲಾಗುತ್ತದೆ. ಡಿದರ್ (ಬಿಟ್ ಇಳಿಸುವಾಗ ಬೆರೆಸುವ ಅತಿ ಸಣ್ಣ ಸದ್ದು) ಒಂದೇ ಸಲ, ಎಲ್ಲಕ್ಕಿಂತ ಕೊನೆಗೆ, 16 ಬಿಟ್ ಮಾಡುವಾಗ.

ಪ್ರಶ್ನೆ ಕೇಳಿದವರು

ನಾಲ್ಕು ದಿನ ಕುಳಿತು ಮಾಡಿದೆ. ಎಂಟನೆಯ ಟ್ರ್ಯಾಕ್ ಬೇರೆಯೇ ರೆಕಾರ್ಡಿಂಗ್ ಎನ್ನುವಂತಾಗಿದೆ. ಇಷ್ಟು ದಿನ ಅದನ್ನು ಮುದ್ರಿಸಿದವರ ಮೇಲೆ ತಪ್ಪು ಹೊರಿಸಿದ್ದೆನಲ್ಲ ಎಂದು ಬೇಸರವಾಯಿತು. ಸಂದಿಯ ಸದ್ದು ಹೋಯಿತು. ಒಂಬತ್ತನೆಯ ಕಡತದಲ್ಲಿ ಕೊನೆಯ ಚೌಕಟ್ಟಿಗೆ 212 ಸ್ಯಾಂಪಲ್ ಕಡಿಮೆ ಬಿದ್ದಿತ್ತು.

ಮಟ್ಟಗಳು ಹೀಗೆ ನಿಂತಿವೆ: ಮೇಳ ಮೈನಸ್ 20, ವಾದ್ಯವೃಂದ ಮೈನಸ್ 17, ಒಂಟಿ ಹಾಡು ಮೈನಸ್ 19.5. ಮೀಟರ್ ನೋಡಿದರೆ ಅಂಕುಡೊಂಕು, ಕೇಳಿದರೆ ಒಂದೇ ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಹಾಡಿದಂತಿದೆ. ಒಂದೇ ಕೊರತೆ ಉಳಿದಿದೆ. ಐದನೆಯದು ಜೋರಾಗಿ ಮುಗಿದು ಮೇಳದ ಮೆಲ್ಲನೆಯ ಆರಂಭ ಬಂದಾಗ ಮೊದಲ ಕೆಲವು ಸ್ವರಗಳು ಕೇಳಿಸದೇ ಹೋಗುತ್ತವೆ. ಆರಂಭವನ್ನಷ್ಟೇ 3 ಡೆಸಿಬೆಲ್ ಏರಿಸಲೇ?

ಎರಡನೆಯ ಉತ್ತರ ಬರೆದವರು

ಈಗಲೇ ಬೇಡ. ಜೋರು ಸದ್ದು ಕೇಳಿದ ಕಿವಿಗೆ ಮೆಲುದನಿಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ನಡುವಿನ ಅಂತರವನ್ನು 2 ಸೆಕೆಂಡಿನಿಂದ 5ಕ್ಕೆ ಹೆಚ್ಚಿಸಿ. ಆದರೆ ಆ ಅಂತರದಲ್ಲಿ ಪೂರ್ತಿ ಶೂನ್ಯ ಇಡಬೇಡಿ. ಮೂಲ ಕಡತದಲ್ಲಿ ಮೊದಲ ಸ್ವರಕ್ಕೆ ಮುಂಚೆ ಸಭಾಂಗಣದ ಗಾಳಿ, ಕುರ್ಚಿಯ ಅಲುಗಾಟ, ವಾದಕರು ಉಸಿರು ಎಳೆದುಕೊಳ್ಳುವ ಸದ್ದು ಇದ್ದೇ ಇರುತ್ತದೆ. ಕತ್ತರಿಸಿ ಎಸೆದಿದ್ದರೆ ವಾಪಸ್ ತನ್ನಿ. ಆ ಕೋಣೆಯ ಮೌನವನ್ನು 3 ಸೆಕೆಂಡ್ ಮುಂಚೆಯೇ ನಿಧಾನವಾಗಿ ಏರಿಸಿ. ಸಂಗೀತ ಶುರುವಾಗುವ ಹೊತ್ತಿಗೆ ಕೇಳುಗ ಆಗಲೇ ಸಭಾಂಗಣದ ಒಳಗಿರುತ್ತಾನೆ.

ಪ್ರಶ್ನೆ ಕೇಳಿದವರು

ಮೂಲ ಕಡತದಲ್ಲಿ 7 ಸೆಕೆಂಡ್ ಇತ್ತು, ಕತ್ತರಿಸಿದವನು ನಾನೇ. 4 ಸೆಕೆಂಡ್ ಮರಳಿ ತಂದೆ. ಮೊದಲ ಸ್ವರ ಸ್ಪಷ್ಟವಾಗಿ ಕೇಳುತ್ತಿದೆ, ಒಂದು ಡೆಸಿಬೆಲ್ಲನ್ನೂ ಏರಿಸಬೇಕಾಗಲಿಲ್ಲ.