ಟೋಕಿಯೋದಲ್ಲಿ ಕಡಿಮೆ ದುಡ್ಡಿಗೆ ಸುಶಿ ಎಲ್ಲಿ ತಿನ್ನುವುದು?

ಹಾಸನದ ಹುಡುಗ:
ಆಫೀಸ್ ಕೆಲಸದ ಮೇಲೆ ಮುಂದಿನ ತಿಂಗಳು ಮೂರು ವಾರ ಟೋಕಿಯೋಗೆ ಬರುತ್ತಿದ್ದೇನೆ. ರೂಮು ನಿಶಿ ಕಸಾಯಿ ಹತ್ತಿರ. ಅಲ್ಲಿ ಭಾರತೀಯರು ಜಾಸ್ತಿ, ಅನ್ನ ಸಾಂಬಾರಿಗೆ ಯೋಚನೆ ಇಲ್ಲ ಅಂತ ಎಲ್ಲರೂ ಧೈರ್ಯ ಹೇಳುತ್ತಿದ್ದಾರೆ. ಅಷ್ಟು ದೂರ ಬಂದು ಸಾಂಬಾರ್ ತಿನ್ನುವುದಾದರೆ ಹಾಸನ ಏನು ಪಾಪ ಮಾಡಿತ್ತು? ನನಗೆ ಸುಶಿ ತಿನ್ನಬೇಕು, ಹೊಟ್ಟೆ ತುಂಬ. ಬೆಂಗಳೂರಿನಲ್ಲಿ ಒಮ್ಮೆ ತಿಂದು ಬಿಲ್ ನೋಡಿ, ಮನೆಗೆ ಬಂದು ಮೊಸರನ್ನ ತಿಂದು ಮಲಗಿದ್ದೆ. ಊಟಕ್ಕೆ ಕಂಪನಿ ದಿನಕ್ಕೆ 3,000 ಯೆನ್ ಕೊಡುತ್ತದೆ, ಅದರಲ್ಲೂ ಸ್ವಲ್ಪ ಉಳಿಸುವ ಆಸೆ. ಜೊತೆಗೆ ಬರುವ ಗೆಳೆಯ ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಧಾರವಾಡ ಪೇಡೆ:
ಒಂಬತ್ತು ವರ್ಷದಿಂದ ಈ ಕಡೆ ಇದ್ದೇನೆ, ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಸಲವಾದರೂ ಸುಶಿ. ಒಮಾಕಾಸೆ, ಅಂದರೆ ಬಾಣಸಿಗನೇ ಆರಿಸಿ ಬಡಿಸುವ ಅಂಗಡಿಗಳನ್ನು ಮರೆತುಬಿಡಿ, ಅದು ಬಾಸ್ ದುಡ್ಡು ಕೊಡುವ ದಿನಕ್ಕೆ. ನಿಮಗೆ ಬೇಕಾಗಿದ್ದು ಕೈತೆನ್‌ಝುಶಿ, ಅಂದರೆ ಬೆಲ್ಟಿನ ಮೇಲೆ ಬರುವ ಸುಶಿ. ಸುಶಿರೋ, ಕುರಾ ಸುಶಿ, ಹಾಮಾ ಸುಶಿ, ಮೂರರಲ್ಲಿ ಯಾವುದು ಹತ್ತಿರ ಇದೆಯೋ ಅಲ್ಲಿಗೆ ಹೋಗಿ. ಮೊದಲು ಪ್ಲೇಟಿಗೆ 100 ಯೆನ್, ಮೇಲೆ ಟ್ಯಾಕ್ಸ್ ಇತ್ತು. 2022ರ ಅಕ್ಟೋಬರ್‌ನಲ್ಲಿ ಸುಶಿರೋ ಅದನ್ನು 120ಕ್ಕೆ ಏರಿಸಿದಾಗ ಇಲ್ಲಿನವರು ನಮ್ಮಲ್ಲಿ ಈರುಳ್ಳಿ ರೇಟ್ ಏರಿದ ಹಾಗೆ ಮಾತಾಡಿಕೊಂಡರು. ಸಾಮಾನ್ಯವಾಗಿ ಒಂದು ಪ್ಲೇಟಿಗೆ ಎರಡು ತುಂಡು. ಸಿಟಿ ನಡುವಿನ ಅಂಗಡಿಯಲ್ಲಿ ಅದೇ ಪ್ಲೇಟಿಗೆ ಜಾಸ್ತಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಶಿಬುಯಾ, ಶಿಂಜುಕು ಬಿಟ್ಟು ನಿಮ್ಮ ಏರಿಯಾ ಕಡೆಯೇ ಹುಡುಕಿ.

2023ರಲ್ಲಿ ಯಾರೋ ಹುಡುಗ ಸೋಯಾ ಸಾಸ್ ಬಾಟಲಿ ನೆಕ್ಕುವ ವಿಡಿಯೊ ಹರಿದಾಡಿತಲ್ಲ, ಅದಾದ ಮೇಲೆ ತುಂಬ ಕಡೆ ಪ್ಲೇಟುಗಳನ್ನು ಸುಮ್ನೆ ತಿರುಗಿಸುವುದು ನಿಂತಿದೆ. ಟೇಬಲ್ಲಿನ ಸ್ಕ್ರೀನಿನಲ್ಲಿ ಆರ್ಡರ್ ಮಾಡಿ, ಇಂಗ್ಲಿಷ್ ಇರುತ್ತದೆ. ನಿಮ್ಮ ಪ್ಲೇಟ್ ಸರ್ರನೆ ಬಂದು ಮುಂದೆ ನಿಲ್ಲುತ್ತದೆ. ಶನಿವಾರ, ಭಾನುವಾರ ಆ್ಯಪ್‌ನಲ್ಲಿ ಮೊದಲೇ ಬುಕ್ ಮಾಡಿಲ್ಲವೆಂದರೆ ಒಂದು ಗಂಟೆ ಬಾಗಿಲಲ್ಲೇ ಕಾಯಬೇಕು. ಟೀ ಫ್ರೀ, ಉಪ್ಪಿನಕಾಯಿ ಶುಂಠಿ ಫ್ರೀ, ಟಿಪ್ಸ್ ಇಲ್ಲ.

ಒಂದು ಎಚ್ಚರಿಕೆ. ಟೇಬಲ್ಲಿಗೇ ಒಂದು ಚಿಕ್ಕ ನಲ್ಲಿ ಇರುತ್ತದೆ, ಕಪ್ಪನೆಯ ಬಟನ್ ಒತ್ತಿದರೆ ನೀರು ಬರುತ್ತದೆ. ನಾನು ಮೊದಲ ದಿನ ಕೈ ತೊಳೆಯಲಿಕ್ಕೆ ಅಂದುಕೊಂಡು ಬೆರಳು ಒಡ್ಡಿದೆ. ಅದು ಟೀಗೆ ಇಟ್ಟ ಬಿಸಿನೀರು! ಪಕ್ಕದ ಟೇಬಲ್ಲಿನ ಅಜ್ಜಿ ಏನೂ ಮಾತಾಡದೆ ತನ್ನ ಐಸ್ ನೀರಿನ ಲೋಟ ನನ್ನ ಕಡೆ ಸರಿಸಿದರು. ಆ ಬಟನ್ನನ್ನು ಟೀ ಕಪ್‌ನಿಂದ ಒತ್ತಬೇಕು, ಅಷ್ಟೇ.

ಮಲ್ಪೆ ಮೀನು:
ಪೇಡೆಯವರು ಹೇಳಿದ್ದು ಸರಿ, ಆದರೆ ಅದಕ್ಕಿಂತ ಅಗ್ಗ ಉಂಟು ಮಾರಾಯ್ರೆ. ಸಂಜೆ ಏಳೂವರೆ, ಎಂಟರ ನಂತರ ಯಾವುದಾದರೂ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋಗಿ. ಅವತ್ತು ಮಾಡಿದ ಸುಶಿ ಡಬ್ಬಿಗಳ ಮೇಲೆ ಮೊದಲು 20% ಕಡಿತದ ಚೀಟಿ, ಆಮೇಲೆ 30%, ಕೊನೆಗೆ 半額 ಅಂತ ಹಚ್ಚುತ್ತಾರೆ. ಹಾನ್‌ಗಾಕು, ಅರ್ಧ ಬೆಲೆ. ಆ ಎರಡು ಅಕ್ಷರ ಕಲಿತರೆ ಸಾಕು, ಉಳಿದ ಜಪಾನಿ ನಿಧಾನ ಕಲಿಯಬಹುದು. ಚೀಟಿ ಹಚ್ಚುವವನು ಬಂದ ಕೂಡಲೇ ನಾಲ್ಕೈದು ಜನ ಏನೂ ಗೊತ್ತಿಲ್ಲದವರ ಹಾಗೆ ಹಿಂದೆ ಹಿಂದೆ ಸುತ್ತುತ್ತಾರೆ. ನಾನೂ ಸುತ್ತುತ್ತೇನೆ, ಎಂತ ನಾಚಿಕೆ? ಹತ್ತು ತುಂಡಿನ ಡಬ್ಬಿ ನನಗೆ ಎಷ್ಟೋ ಸಲ 400 ಯೆನ್ನಿಗೆ ಸಿಕ್ಕಿದೆ. ರಾತ್ರಿಯೇ ತಿಂದು ಮುಗಿಸಿ, ಮರುದಿನಕ್ಕೆ ಇಡಬೇಡಿ. ಫ್ರಿಜ್ಜಿನಲ್ಲಿ ಅನ್ನ ಕಲ್ಲಾಗುತ್ತದೆ.

ಮೀನು ತಿಂದು ಬೆಳೆದವರಾದರೆ ಸಾಲ್ಮನ್ ಒಂದನ್ನೇ ಹಿಡಿದು ಕೂರಬೇಡಿ. ಸಾಬಾ ಅಂದರೆ ನಮ್ಮ ಬಂಗುಡೆಯ ಸಂಬಂಧಿ, ಉಪ್ಪು, ವಿನೆಗರ್‌ನಲ್ಲಿ ಇಟ್ಟಿರುತ್ತಾರೆ. ಇವಾಶಿ ನಮ್ಮ ಬೂತಾಯಿಯ ಬಳಗ. ಇಕಾ ಅಂದರೆ ಬೊಂಡಾಸ್. ಅಗ್ಗದ ಪ್ಲೇಟಿನಲ್ಲಿ ರುಚಿ ಇರುವುದೇ ಇವುಗಳಲ್ಲಿ. ಕೈಯಲ್ಲೇ ತಿನ್ನಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸೋಯಾ ಸಾಸ್ ಮೀನಿನ ಬದಿಗೆ ಮಾತ್ರ ತಾಗಿಸಿ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿದ ಹಾಗೆ ಮಾಡಿದರೆ ಅನ್ನ ಬಿಚ್ಚಿ ಬಟ್ಟಲಿಗೆ ಬೀಳುತ್ತದೆ.

ಧಾರವಾಡ ಪೇಡೆ:
ಅಕ್ಕಾ, ಡಬ್ಬಿ ಸುಶಿ ಬೇರೆ, ಆಗಷ್ಟೇ ಮಾಡಿದ್ದು ಬೇರೆ. ಮೊದಲ ಸಲ ಬರುವವರಿಗೆ ತಣ್ಣನೆಯ ಅನ್ನ ತಿನ್ನಿಸಬೇಡಿ! ಬೆಲ್ಟ್ ಸುಶಿ ಹುಟ್ಟಿದ್ದೇ ಬಡವರ ಜೇಬಿಗಾಗಿ. 1958ರಲ್ಲಿ ಶಿರಾಯಿಶಿ ಯೋಶಿಯಾಕಿ ಅನ್ನುವವರು ಬಿಯರ್ ಫ್ಯಾಕ್ಟರಿಯ ಬೆಲ್ಟ್ ನೋಡಿ, ಒಸಾಕಾದ ಪಕ್ಕದ ಊರಿನಲ್ಲಿ ಇಂಥ ಮೊದಲ ಅಂಗಡಿ ತೆರೆದರು.

ಮೇಲುಕೋಟೆ ಪುಳಿಯೋಗರೆ:
ಸಸ್ಯಾಹಾರಿ ಗೆಳೆಯನ ಬಗ್ಗೆ ನಾನು ಹೇಳುತ್ತೇನೆ, ಅನುಭವ ಇದೆ. ಕಪ್ಪಾ ಮಾಕಿ ಅಂದರೆ ಸೌತೆಕಾಯಿ ಸುರುಳಿ, ಧೈರ್ಯವಾಗಿ ತಿನ್ನಬಹುದು. ಉಮೆ ಅನ್ನುವ ಹುಳಿ ಹಣ್ಣಿನ ಸುರುಳಿ ಕಂಡರೆ ಬಿಡಬೇಡಿ, ನಮ್ಮ ನಾಲಿಗೆಗೆ ಅದೇ ಹತ್ತಿರ. ನಾತ್ತೋ ಮಾಕಿಯಲ್ಲಿ ಹುದುಗಿಸಿದ ಸೋಯಾ ಕಾಳು ಇರುತ್ತದೆ, ಎಳೆದರೆ ನೂಲು ಬರುತ್ತದೆ, ವಾಸನೆ ತಡೆದರೆ ತಿನ್ನಿ. ಅದರ ಜೊತೆ ಬರುವ ಸಾಸ್ ಬೇಡ ಅನ್ನಿ, ಅದರಲ್ಲಿ ಮೀನಿನ ಸಾರ ಇರಬಹುದು. ಎಲ್ಲರೂ ಮೋಸ ಹೋಗುವುದು ಇನಾರಿಯಲ್ಲಿ. ಸಿಹಿಯಾದ ತೋಫು ಚೀಲದೊಳಗೆ ಅನ್ನ, ನೋಡಿದರೆ ಪಕ್ಕಾ ವೆಜ್. ಆ ಚೀಲವನ್ನು ಬೇಯಿಸುವುದು ಸಾಮಾನ್ಯವಾಗಿ ಒಣ ಮೀನು ಹಾಕಿದ ದಾಶಿ ಅನ್ನುವ ಸಾರಿನಲ್ಲಿ. ನಾನು ಅದನ್ನು ಎರಡು ವರ್ಷ ಖುಷಿಯಾಗಿ ತಿಂದ ಮೇಲೆ ಗೊತ್ತಾಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹಾಸನದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್, ಬಂದು ಹತ್ತು ದಿನ ಆಯಿತು. ನಿನ್ನೆ ಮಧ್ಯಾಹ್ನ ಬೆಲ್ಟ್ ಸುಶಿಗೆ ಹೋದೆವು. ನಾನು 120ರ ಪ್ಲೇಟ್ ಎಂಟು, 180ರದ್ದು ಎರಡು, ಒಟ್ಟು 1,320 ಯೆನ್. ಸಾಬಾ ಎರಡು ಸಲ ತರಿಸಿದೆ, ಮಲ್ಪೆಯವರು ಹೇಳಿದ್ದು ನಿಜ. ಗೆಳೆಯ ಸೌತೆಕಾಯಿ ಸುರುಳಿ ನಾಲ್ಕು ಪ್ಲೇಟ್ ತಿಂದು, ರೂಮಿಗೆ ಬಂದು ಊರಿಂದ ತಂದ ಚಟ್ನಿಪುಡಿಯಲ್ಲಿ ಅನ್ನ ಕಲಸಿಕೊಂಡ. ನಲ್ಲಿ ವಿಷಯ ಅವನಿಗೆ ಮೂರು ಸಲ ಹೇಳಿದ್ದೆ, ಆದರೂ ಕೈ ಒಡ್ಡಲು ಹೋದ. ಇವತ್ತು ರಾತ್ರಿ ಎಂಟಕ್ಕೆ ಚೀಟಿ ಹಚ್ಚುವವನ ಹಿಂದೆ ಸುತ್ತಲು ಹೊರಟಿದ್ದೇನೆ.